ರಾಹುಕಾಲ ತಪ್ಪಿಸಿದ ಮುಚ್ಚಳ

ಮಣ್ಣಿನ ಕೆಲಸ ಕಲಿಯುವವನು ರಾಹುಕಾಲ ನೋಡಬಾರದು. ನಾನು ನೋಡಿದೆ. ಅದೊಂದು ಸಾಧಾರಣ ಮಂಗಳವಾರ. ಮೆಲ್ಬರ್ನ್‌ನ ಕಾಲೇಜಿನಲ್ಲಿ ಸೆರಾಮಿಕ್ಸ್ ಡಿಪ್ಲೊಮಾದ ಕೊನೆಯ ಕೆಲಸವೆಂದು ತಿಗರಿಯ ಮೇಲೆ ಉಪ್ಪಿನಕಾಯಿ ಜಾಡಿಯೊಂದನ್ನು ಎತ್ತಿ ಮುಗಿಸಿದ್ದೆ. ಮುಚ್ಚಳವಿರುವ ಪಾತ್ರೆ ಮಾಡಿ ತೋರಿಸದಿದ್ದರೆ ಪಾಸಿಲ್ಲ. ಜಾಡಿಯೇ ಬೇಕೆಂದು ಕೇಳಿದ್ದವರು ನನ್ನ ಅತ್ತಿಗೆ. ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿ ಅಣ್ಣ, ಅತ್ತಿಗೆ ಇಬ್ಬರೇ. ನಲವತ್ತೊಂದನೇ ವಯಸ್ಸಿನಲ್ಲಿ ಮೈಸೂರಿನ ಕೆಲಸ ಬಿಟ್ಟು ಸ್ಟೂಡೆಂಟ್ ವೀಸಾದಲ್ಲಿ ಬಂದ ನನ್ನನ್ನು ಅವರ ಮನೆಗೆ ಬರುವ ಅಂಕಲ್‌ಗಳೆಲ್ಲ ಕೇಳುತ್ತಿದ್ದುದು ಒಂದೇ: ಕುಂಬಾರಿಕೆಗೆ ಪಿಆರ್ ಸಿಗುತ್ತಾ, ಇಲ್ಲೇ ಖಾಯಂ ಉಳಿಯಲು ಬಿಡುತ್ತಾರಾ ಎಂದು. ನನಗೇನು ಮಾಡಿಕೊಡುತ್ತೀಯ ಎಂದು ಕೇಳಿದವರು ಅತ್ತಿಗೆ ಒಬ್ಬರೇ.

ಆ ದಿನ ಮೂರು ಗಂಟೆಗೆ ಅವರ ಫೋನು. ಮುಚ್ಚಳ ಒಂದು ಬಾಕಿ ಎಂದೆ.

"ಈಗ ಬೇಡ ಕಣೋ, ಮಂಗಳವಾರ. ನಾಲ್ಕೂವರೆ ತನಕ ರಾಹುಕಾಲ."

ಅವರ ಅಡುಗೆಮನೆಯ ಗೋಡೆಯ ಮೇಲಿದ್ದದ್ದು ಬೆಂಗಳೂರಿನ ಕ್ಯಾಲೆಂಡರ್. ಅದು ಅಲ್ಲಿನ ರಾಹುಕಾಲ, ಇಲ್ಲಿಗೆ ಲೆಕ್ಕ ಬೇರೆ ಎಂದೆ.

"ರಾಹುಗೂ ವೀಸಾ ಬೇಕೇನೋ? ನಾಳೆ ಮಾಡು."

ಐದಕ್ಕೆ ಸ್ಟುಡಿಯೋ ಬಾಗಿಲು ಹಾಕುತ್ತಾರೆ. ನಿಜ ಹೇಳಬೇಕೆಂದರೆ ನನಗೂ ಬೆನ್ನು ನೋಯುತ್ತಿತ್ತು; ರಾಹು ಒಳ್ಳೆಯ ನೆಪವಾದ. ಜಾಡಿಯ ಮೇಲೊಂದು ಬಟ್ಟೆ ಎಳೆದು ಮನೆಗೆ ಹೋದೆ. ಬೆಳಿಗ್ಗೆ ಅಣ್ಣನ ಫೋನು ಬಂತು. ಅತ್ತಿಗೆ ಕಾಫಿ ಸೋಸುತ್ತಾ ಕುಸಿದಿದ್ದರಂತೆ. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಬಾರೋ" ಎಂದಷ್ಟೇ ಹೇಳಿ ಇಟ್ಟ.

ಹದಿಮೂರು ದಿನ ಸಿಡ್ನಿಯಲ್ಲಿದ್ದೆ. ಆಂಟಿಗಳು ಸರದಿಯ ಮೇಲೆ ಅನ್ನ, ಸಾರು ತಂದಿಟ್ಟರು. ಅಂಕಲ್‌ಗಳು ಸಾಲಾಗಿ ಸೋಫಾದ ಮೇಲೆ ಕೂತು ಗೋಡೆ ನೋಡಿದರು. ಪಿಆರ್ ವಿಷಯ ಯಾರೂ ಎತ್ತಲಿಲ್ಲ. ಎತ್ತಿದ್ದರೆ ಉತ್ತರ ಹೇಳಲಾದರೂ ಬಾಯಿ ಬಿಡುತ್ತಿದ್ದೆನೇನೋ.

ಮೆಲ್ಬರ್ನ್‌ಗೆ ಮರಳಿದಾಗ ಜಾಡಿ ಪೂರ್ತಿ ಒಣಗಿತ್ತು. ನಮ್ಮ ಟೀಚರ್ ಹೆಲೆನ್ ಮೊದಲ ದಿನವೇ ಹೇಳಿದ್ದರು: ಪಾತ್ರೆ, ಮುಚ್ಚಳ ಎರಡನ್ನೂ ಒಂದೇ ದಿನ ಮಾಡಬೇಕು, ಆಗ ಎರಡೂ ಜೊತೆಯಲ್ಲೇ ಒಣಗಿ ಜೊತೆಯಲ್ಲೇ ಕುಗ್ಗುತ್ತವೆ. ನಾನು ಒಣಗಿದ ಬಾಯಿಯ ಅಳತೆಗೆ ಹಸಿ ಮುಚ್ಚಳ ಮಾಡಿದೆ. ಅದು ಒಣಗಿ ಕುಗ್ಗಿ ಜಾಡಿಯೊಳಗೇ ಬಿತ್ತು. ಎರಡನೆಯದನ್ನು ಅಂದಾಜಿನಲ್ಲಿ ದೊಡ್ಡದು ಮಾಡಿದೆ. ಮದುವೆ ಗಂಡಿಗೆ ಬಾಡಿಗೆ ಪೇಟ ತೊಡಿಸಿದ ಹಾಗೆ ಕೂತಿತು. ಅವತ್ತೇ ಏಕೆ ಮಾಡಲಿಲ್ಲ ಎಂದು ಹೆಲೆನ್ ಕೇಳಿದರು. ರಾಹು ಬೇಡವೆಂದ ಕಥೆಯನ್ನು ನನ್ನ ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಗಂಭೀರವಾಗಿ ಕೇಳಿ, ರಾಹು ನಿಮ್ಮ ಕುಟುಂಬದವರೇ ಎಂದರು. ಸುಸ್ತಾಗಿತ್ತು, ಹೌದು ಎಂದುಬಿಟ್ಟೆ.

ಇದನ್ನು ಎಸೆದು ಎರಡನ್ನೂ ಹೊಸದಾಗಿ ಮಾಡಿ, ಒಂದು ಮಧ್ಯಾಹ್ನದ ಕೆಲಸ ಎಂದರು ಹೆಲೆನ್. ಅವರು ಹೇಳಿದ್ದು ಸರಿ. ಆದರೆ ಈ ಜಾಡಿ ಮಾಡುವಾಗ ಅತ್ತಿಗೆ ಇದ್ದರು. ಇನ್ನೊಂದು ಮಾಡಿದರೆ ಅದು ಅವರಿಲ್ಲದಾಗ ಮಾಡಿದ ಜಾಡಿ. ಇದನ್ನು ಇಂಗ್ಲಿಷಿನಲ್ಲಿ ಹೇಳಲು ನನಗೆ ಬರಲಿಲ್ಲ. ಕನ್ನಡದಲ್ಲೂ ಯಾರಿಗೂ ಹೇಳಿರಲಿಲ್ಲ. ಸುಮ್ಮನೆ ಮುಚ್ಚಳ ಮಾಡುತ್ತಾ ಹೋದೆ.

ಏಳನೆಯದು ಕೂತಿತು. ಸುಟ್ಟ ಮೇಲೆ ಸ್ವಲ್ಪ ಅಲ್ಲಾಡುತ್ತಿತ್ತು. ಹೆಲೆನ್ ಅದನ್ನು ಒಮ್ಮೆ ತಿರುಗಿಸಿ, ಕಟಕಟ ಸದ್ದು ಕೇಳಿಸಿಕೊಂಡು, ನನ್ನ ಮುಖ ನೋಡಿ ಪಾಸು ಮಾಡಿದರು.

ಜಾಡಿಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಸಿಡ್ನಿಗೆ ಹೋದೆ. ಅಣ್ಣ ಎರಡೂ ಕೈಯಲ್ಲಿ ತೆಗೆದುಕೊಂಡು ಒಲೆಯ ಪಕ್ಕ ಇಟ್ಟ. ಈಗ ಅದರಲ್ಲಿ ಕಾರಿನ ಕೀ ಹಾಕಿಡುತ್ತಾನೆ. ಇಂಡಿಯನ್ ಅಂಗಡಿಗೆ ಮಾವಿನಕಾಯಿ ಬಂದಾಗ ಇಬ್ಬರೂ ಹೋಗಿ ನೋಡಿದೆವು. ಕೆ.ಜಿ.ಗೆ ಉಪ್ಪು ಎಷ್ಟು ಎಂದು ಅಣ್ಣ ಕೇಳಿದ. ಜಾಡಿ ಮಾಡಲು ಎರಡು ವರ್ಷ ಓದಿದವನಿಗೆ ಅದು ಗೊತ್ತಿರಲಿಲ್ಲ. ಹಾಗೇ ವಾಪಸು ಬಂದೆವು. ಜಾಡಿಯಲ್ಲಿ ಉಪ್ಪಿನಕಾಯಿ ಇಲ್ಲ.