ಉಪ್ಪು ತುಂಬಿದ ತೋಟಾ

ಬೆಳಗಿನ ಕಾಫಿಯಲ್ಲಿ ಮರದ ಪುಡಿ ಬಿದ್ದದ್ದೇ ಎಲ್ಲಕ್ಕೂ ಮೂಲ.

ಡೆನ್ವರ್ ಸ್ಟಿಡಮ್ ಜಗಲಿಯ ತೂಗುಕುರ್ಚಿಯಲ್ಲಿ ಕೂತು ಮೊದಲ ಗುಟುಕು ಕುಡಿದಿದ್ದನಷ್ಟೆ, ಗಂಟಲಲ್ಲಿ ಏನೋ ಗರಗರ ಅಂದಿತು. ಲೋಟದೊಳಗೆ ಇಣುಕಿದ. ಹಳದಿ ಪುಡಿ ತೇಲುತ್ತಿತ್ತು. ತಲೆಯೆತ್ತಿದ. ನೆತ್ತಿಯ ಮೇಲಿನ ತೊಲೆಯಲ್ಲಿ ಕಿರುಬೆರಳು ತೂರುವಷ್ಟು ದುಂಡನೆಯ ತೂತು, ಬಡಗಿ ಬೈರಿಗೆ ಹಾಕಿ ಕೊರೆದಷ್ಟು ಅಚ್ಚುಕಟ್ಟು. ಒಳಗಿಂದ ಕರ್, ಕರ್ ಎಂಬ ಸದ್ದು. ತೂತಿನ ಮುಂದೆ ಹೆಬ್ಬೆರಳಿನಷ್ಟು ದಪ್ಪದ ಕರಿ ದುಂಬಿಯೊಂದು ಗಾಳಿಯಲ್ಲೇ ನಿಂತು, ಬಾಡಿಗೆ ಕೇಳಲು ಬಂದ ಮನೆಯೊಡೆಯನ ಹಾಗೆ ಡೆನ್ವರನನ್ನು ದುರುಗುಟ್ಟಿ ನೋಡುತ್ತಿತ್ತು.

ಡೆನ್ವರ್ ಕೆಂಟಕಿಯ ಬೆಟ್ಟಗಳ ನಡುವಿನ ಲಾಂಗ್ ಫೋರ್ಕ್ ಕಣಿವೆಯವನು. ವಯಸ್ಸೆಲ್ಲ ಕಲ್ಲಿದ್ದಲ ಗಣಿಯಲ್ಲಿ ಸವೆಸಿ, ಮಂಡಿ ಹೋದ ಮೇಲೆ ಮೇಲೆದ್ದು ಬಂದಿದ್ದ. ಬಂದವನೇ ಮಾಡಿದ ಮೊದಲ ಕೆಲಸ ಈ ಜಗಲಿ ಕಟ್ಟಿದ್ದು. ಒಂದು ಕಂಬವನ್ನೂ ಬೇರೆಯವರಿಂದ ನಿಲ್ಲಿಸಲಿಲ್ಲ, ಒಂದು ಮೊಳೆಯನ್ನೂ ಬೇರೆಯವರಿಂದ ಹೊಡೆಸಲಿಲ್ಲ. ಗಣಿಯಲ್ಲಿ ತಲೆಯ ಮೇಲಿನ ಸೂರು ಕರಕರ ಅಂದರೆ ಕೈಯಲ್ಲಿದ್ದುದನ್ನು ಬಿಸುಟು ಓಡಬೇಕು. ಓಡಿ ಓಡಿ ಸಾಕಾದವನು ಸದ್ದು ಮಾಡದ ಒಂದು ಸೂರಿನ ಕೆಳಗೆ ಕೂರಬೇಕೆಂದು ಆಸೆಪಟ್ಟಿದ್ದ. ಈಗ ಆ ಸೂರೇ ಕರಕರ ಅನ್ನುತ್ತಿತ್ತು.

"ಅರ್ಲೀನ್!" ಎಂದು ಕೂಗಿದ. "ಬಾ ಇಲ್ಲಿ! ನಮ್ಮನೇನ ತಿಂತಿದಾವೆ!"

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಮೇಲೆ ನೋಡಿದಳು. ಒಂದಲ್ಲ, ತೊಲೆಯುದ್ದಕ್ಕೂ ತೂತುಗಳು. ಏಳೆಂಟು ದುಂಬಿಗಳು ಗುಂಯ್‌ಗುಡುತ್ತಿದ್ದವು.

"ಅದಕ್ಕೇನಂತೆ? ಅಂಗಡಿಯಿಂದ ಒಂದು ಡಬ್ಬಿ ಔಷಧಿ ತಂದು ಹೊಡಿ."

"ಔಷಧಿ ಹೊಡೆಯೋದು ಜಿರಲೆಗೆ ಕಣೇ. ಇವು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಿದಾವೆ. ಮೂವತ್ತು ವರ್ಷ ಸೂರು ಸದ್ದು ಮಾಡಿದಾಗೆಲ್ಲ ಓಡಿದೀನಿ. ಈ ಸೂರಿನ ಕೆಳಗಿಂದ ಓಡಲ್ಲ."

"ನಿನ್ನ ಓಡು ಅಂದೋರು ಯಾರು? ಅಂಗಡಿಗೆ ಹೋಗು ಅಂದೆ."

ಡೆನ್ವರ್ ಅಂಗಡಿಗೆ ಹೋಗಲಿಲ್ಲ. ಹಿತ್ತಲ ಕೊಟ್ಟಿಗೆಗೆ ಹೋದ. ಅಲ್ಲಿ ಅಪ್ಪನ ಕಾಲದ ರಿವಾಲ್ವರ್ ಇತ್ತು, ಖಾಲಿ ತೋಟಾಗಳೂ ಮದ್ದಿನ ಪುಡಿಯೂ ಇದ್ದವು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟರು ಅನ್ನುತ್ತೇವಲ್ಲ, ಇದು ಗುಬ್ಬಿಗಿಂತಲೂ ಚಿಕ್ಕದರ ಮೇಲೆ. ಸೀಸದ ಗುಂಡು ಹೊಡೆದರೆ ಸೂರಿಗೇ ತೂತು ಬೀಳುತ್ತದೆ ಎನ್ನುವಷ್ಟು ಬುದ್ಧಿ ಅವನಿಗಿತ್ತು. ಆದ್ದರಿಂದ ಗುಂಡಿನ ಬದಲು ಅಡುಗೆಮನೆಯಿಂದ ಕದ್ದು ತಂದ ಮೆಕ್ಕೆಜೋಳದ ಹಿಟ್ಟು ತುಂಬಿದ. ಪಾಕ ಏನು, ಅಳತೆ ಏನು ಎಂದು ಯಾರಿಗೂ ಹೇಳಲಿಲ್ಲ. ಅವನಿಗೇ ಗೊತ್ತಿತ್ತೋ ಇಲ್ಲವೋ.

ಮೊದಲನೇ ಈಡು ಹಾರಿತು. ಢಂ!

ಬಿಳಿ ಮೋಡವೊಂದು ಎದ್ದು ಜಗಲಿಯನ್ನೆಲ್ಲ ಮುಚ್ಚಿತು. ಮೋಡ ಕರಗಿದಾಗ ದುಂಬಿ ಅಲ್ಲೇ ಇತ್ತು. ಪೌಡರ್ ಬಳಿದುಕೊಂಡು ಮದುವೆಗೆ ಹೊರಟ ಮಾವನ ಹಾಗೆ ಬೆಳ್ಳಗಾಗಿತ್ತು, ಅಷ್ಟೇ. ಡೆನ್ವರನೂ ಬೆಳ್ಳಗಾಗಿದ್ದ.

ಒಳಗಿಂದ ಅರ್ಲೀನ್ ಚೀರಿದಳು. "ಅಯ್ಯೋ ಪಾಪಿ! ಮುಗಿಸಿಬಿಟ್ಯಲ್ಲೋ!"

ಅವಳು ಚೀರಿದ್ದು ಹಿಟ್ಟಿನ ಡಬ್ಬಿ ನೋಡಿ. ರಾತ್ರಿ ಊಟದ ಬ್ರೆಡ್ಡಿಗೆಂದು ಇಟ್ಟ ಹಿಟ್ಟು ತಳ ಕಂಡಿತ್ತು. ಆದರೆ ರಸ್ತೆಯಾಚೆ ಮನೆಯ ಮಿಸ್ ಯೂಲಾಗೆ ಕೇಳಿಸಿದ್ದು ಒಂದು ಗುಂಡಿನ ಸದ್ದು, ಅದರ ಬೆನ್ನಿಗೇ ಒಂದು ಹೆಂಗಸಿನ ಚೀರಾಟ. ಮಿಸ್ ಯೂಲಾ ಕಣಿವೆಗೆಲ್ಲ ಹಿರಿಯಳು, ಟೆಲಿಫೋನಿನ ಪಕ್ಕದಲ್ಲೇ ಕೂತು ಹೊಲಿಗೆ ಹಾಕುವವಳು. ಸೂಜಿ ಕೆಳಗಿಟ್ಟು ಷೆರೀಫನ ಕಚೇರಿಗೆ ಫೋನು ಮಾಡಿದಳು. "ಡೆನ್ವರ್ ಸ್ಟಿಡಮ್ ಕೊನೆಗೂ ಆ ಕೆಲಸ ಮಾಡಿಬಿಟ್ಟ ಕಣಪ್ಪಾ" ಎಂದಷ್ಟೇ ಹೇಳಿ ಇಟ್ಟಳು.

ಅಷ್ಟರಲ್ಲಿ ಅರ್ಲೀನಳ ತಮ್ಮ ಹೋಬರ್ಟ್ ದಿಣ್ಣೆ ಇಳಿದು ಬಂದ, ಕಂಕುಳಲ್ಲಿ ಮಡಚುವ ಕುರ್ಚಿ ಇಟ್ಟುಕೊಂಡು. ಎಲ್ಲಿ ಸದ್ದಾದರೂ ಕುರ್ಚಿಯೊಂದಿಗೇ ಬರುವುದು ಅವನ ರೂಢಿ.

"ಏನ್ ಭಾವ, ಯಾರ ಮೇಲೆ ಯುದ್ಧ?"

"ದುಂಬಿ ಮೇಲೆ."

ಹೋಬರ್ಟ್ ಭಾವನ ಬೆನ್ನ ಹಿಂದೆ, ಅಂಗಳದಲ್ಲಿ, ಕುರ್ಚಿ ಬಿಡಿಸಿ ಕೂತ. "ಹಿಟ್ಟಿಗೆ ತೂಕ ಎಲ್ಲಿದೆ ಭಾವ? ಅಕ್ಕಿ ಹಾಕು. ಅಕ್ಕಿ ಅಂದ್ರೆ ಮಿನಿ ಗುಂಡು ಇದ್ದಹಾಗೆ."

ಅಕ್ಕಿಯೂ ಆಯಿತು. ಢಂ! ದುಂಬಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಅಕ್ಕಿಕಾಳೆಲ್ಲ ತೊಲೆಗೆ ಬಡಿದು ತಿರುಗಿ ಬಂದು, ಗಂಡನಿಗೆ ಬಯ್ಯಲೆಂದು ಆಗಷ್ಟೇ ಬಾಗಿಲಿಗೆ ಬಂದ ಅರ್ಲೀನಳ ತಲೆಯ ಮೇಲೆ ಸುರಿದವು. ಗಂಡ ಸತ್ತನೋ ಹೆಂಡತಿ ಸತ್ತಳೋ ನೋಡಿಬಿಡೋಣ ಎಂದು ಕೋಲೂರಿಕೊಂಡು ರಸ್ತೆ ದಾಟಿ ಬಂದಿದ್ದ ಮಿಸ್ ಯೂಲಾ, ಅರ್ಲೀನ್ ಜೀವಂತ ನಿಂತು ಕೂದಲಿನಿಂದ ಅಕ್ಕಿ ಹೆಕ್ಕುವುದನ್ನು ಕಂಡಳು.

"ಇನ್ನೊಂದ್ಸಲ ಮದುವೆ ಆಗ್ತಿದೀರೇನ್ರೇ? ಚರ್ಚಿನ ಬಾಗಿಲಲ್ಲೂ ಇಷ್ಟು ಅಕ್ಕಿ ಬಿದ್ದಿರಲಿಲ್ಲ ನಿಮಗೆ."

"ಇವನನ್ನ ಇನ್ನೊಂದ್ಸಲನಾ? ಯೂಲಾಮ್ಮ, ನಂಗೇನು ಹುಚ್ಚಾ?"

ರಸ್ತೆಯಲ್ಲಿ ಹೋಗುತ್ತಿದ್ದ ಪಿಕಪ್ಪುಗಳು ಒಂದೊಂದಾಗಿ ನಿಂತವು. ಅಂಗಳದಲ್ಲಿ ಹತ್ತು ಹನ್ನೆರಡು ಜನ. ಹತ್ತು ಜನವೆಂದರೆ ಹತ್ತು ಸಲಹೆ. ಗೋಂದು ಹಚ್ಚು ಅಂದ ಒಬ್ಬ. ಬಾದಾಮಿ ಎಣ್ಣೆ ಸವರು ಅಂದಳು ಒಬ್ಬಳು. ಬೇಟೆನಾಯಿ ತರಲಾ ಎಂದು ಕೇಳಿದವನೂ ಒಬ್ಬನಿದ್ದ.

"ನಂಗೆ ಯಾರ ಸಲಹೆನೂ ಬೇಡ," ಎಂದು ಡೆನ್ವರ್ ಗುಡುಗಿ ಕೊಟ್ಟಿಗೆಗೆ ನುಗ್ಗಿದ. ಈ ಸಲ ತುಂಬಿಕೊಂಡು ಬಂದದ್ದು ಕಾಳುಮೆಣಸಿನ ಪುಡಿ.

ಈಡು ಹಾರುವುದಕ್ಕೂ ಷೆರೀಫ್ ಕಚೇರಿಯ ಟ್ರೇಸಿ ಫ್ಯೂಗೇಟ್ ಜೀಪಿನಿಂದ ಇಳಿದು ಅಂಗಳಕ್ಕೆ ಓಡಿ ಬರುವುದಕ್ಕೂ ಸರಿಹೋಯಿತು. ಮುಂದಿನ ಐದು ನಿಮಿಷ ಲಾಂಗ್ ಫೋರ್ಕಿನಲ್ಲಿ ಯಾರೂ ಮಾತಾಡಲಿಲ್ಲ. ಸೀನಿದರು. ಹೋಬರ್ಟ್ ಸೀನಿದ ರಭಸಕ್ಕೆ ಕುರ್ಚಿ ತನ್ನಷ್ಟಕ್ಕೆ ತಾನೇ ಮಡಚಿಕೊಂಡಿತು, ಹೋಬರ್ಟ್ ಒಳಗಿರುವಾಗಲೇ. ಟ್ರೇಸಿಯ ಟೋಪಿ ಹಾರಿ ಕೋಳಿಗೂಡಿನ ಮೇಲೆ ಕೂತಿತು. ದುಂಬಿಗಳು ಸೀನಲಿಲ್ಲ.

"ಡೆನ್ವರ್ ಮಾಮಾ," ಎಂದ ಟ್ರೇಸಿ ಕಣ್ಣೊರೆಸಿಕೊಳ್ಳುತ್ತ. ಅವನ ಅಪ್ಪ ಡೆನ್ವರನ ಜೊತೆ ಗಣಿಯಲ್ಲಿದ್ದವನು. "ನೀವು ಅರ್ಲೀನತ್ತೇನ... ಆಕ್ಷೀ... ಕೊಂದಿದೀರ ಅಂತ ಫೋನ್ ಬಂತು."

"ಇನ್ನೂ ಇಲ್ಲ."

"ಸಾಯೋದಾದ್ರೆ ನಾನು ಸೀನೀ ಸಾಯ್ತೀನಿ," ಎಂದಳು ಅರ್ಲೀನ್.

"ನನ್ನ ಜಾಗ, ನನ್ನ ಸೂರು, ನನ್ನ ಅಡುಗೆಮನೆ ಸಾಮಾನು," ಎಂದು ಡೆನ್ವರ್ ಎದೆ ಸೆಟೆದು ನಿಂತ. "ಇದನ್ನ ತಡೆಯೋ ಕಾನೂನು ಇದೆಯೇನೋ?"

ಟ್ರೇಸಿ ತಲೆ ಕೆರೆದುಕೊಂಡು ಯೋಚಿಸಿದ. ಇಲ್ಲಿ ಊರ ಗಡಿ ದಾಟಿದೆ, ಸುತ್ತ ಬೆಟ್ಟ, ಗುರಿ ಆಕಾಶದ ಕಡೆಗೆ. ಮೆಣಸಿನ ಬಗ್ಗೆ ಅವನು ಓದಿದ ಕಾನೂನಿನಲ್ಲಿ ಏನೂ ಇರಲಿಲ್ಲ. "ಇಲ್ಲ ಮಾಮ," ಎಂದ. ಆಮೇಲೆ ದನಿ ತಗ್ಗಿಸಿ, "ಉಪ್ಪು ಹಾಕಿ ನೋಡಿದ್ರಾ?" ಎಂದು ಕೇಳಿದ.

ಯಾರ ಸಲಹೆಯೂ ಬೇಡವೆಂದಿದ್ದ ಡೆನ್ವರ್ ಸರ್ಕಾರದ ಸಲಹೆಯನ್ನು ಮಾತ್ರ ತೆಗೆದುಕೊಂಡ. ಹಂದಿಮಾಂಸಕ್ಕೆ ಹಚ್ಚುವ ಕಲ್ಲುಪ್ಪು ತುಂಬಿದ. ಢಂ! ಬಿಳಿ ಮುಖದ ದುಂಬಿಯೊಂದು ಗಾಳಿಯಲ್ಲೇ ಪಲ್ಟಿ ಹೊಡೆದು, ಟಪ್ಪನೆ ಮೆಟ್ಟಿಲ ಮೇಲೆ ಬಿತ್ತು.

ಅಂಗಳವೇ ಕೇಕೆ ಹಾಕಿತು. ಡೆನ್ವರ್ ಟೋಪಿ ತೆಗೆದು ಬಾಗಿದ. ಮತ್ತೆ ಢಂ, ಮತ್ತೆ ಟಪ್. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲ ಮೇಲೆ ದುಂಬಿಗಳ ಸಾಲೇ ಬಿದ್ದಿತ್ತು. ಟ್ರೇಸಿ, "ಪರಿಶೀಲನೆಗೆ ಒಂದೇ ಒಂದು" ಎಂದು ಕೇಳಿ ತಾನೂ ಒಂದು ಈಡು ಹಾರಿಸಿ ಗುರಿ ತಪ್ಪಿದ.

ಮಿಸ್ ಯೂಲಾ ಕೋಲೂರಿ ಬಗ್ಗಿ, ಸತ್ತ ಒಂದು ದುಂಬಿಯನ್ನು ಅಂಗೈಲಿಟ್ಟುಕೊಂಡು ನೋಡಿದಳು. ಕನ್ನಡಕ ಸರಿಮಾಡಿಕೊಂಡು ಇನ್ನೊಂದನ್ನೂ ನೋಡಿದಳು. ನಗಲು ಶುರುಮಾಡಿದಳು.

"ಡೆನ್ವರ್, ಇವೆಲ್ಲ ಗಂಡು ಕಣೋ. ಬಿಳಿ ಮೂತಿ ಇರೋವೆಲ್ಲ ಗಂಡು. ಪಾಪ, ಇವಕ್ಕೆ ಕೊಂಡಿನೂ ಇಲ್ಲ, ಕೊರೆಯೋಕೂ ಬರಲ್ಲ. ಮನೆ ಮುಂದೆ ಗುಂಯ್ ಅಂತ ಸುತ್ತೋದೊಂದೇ ಕೆಲಸ. ಕೊರೆಯೋದೆಲ್ಲ ಒಳಗಿರೋ ಹೆಂಗಸರು."

ಅರ್ಲೀನ್ ಬಾಗಿಲ ಚೌಕಟ್ಟಿಗೆ ಒರಗಿ ನಿಧಾನವಾಗಿ ಕೈ ಕಟ್ಟಿದಳು. "ಕೆಲಸ ಮಾಡೋರು ಒಳಗೆ, ಸದ್ದು ಮಾಡೋರು ಜಗಲೀಲಿ. ಎಲ್ಲೋ ನೋಡಿದ ಹಾಗಿದೆಯಲ್ಲ."

ಅಂಗಳದ ಹೆಂಗಸರೆಲ್ಲ ನಕ್ಕರು. ಗಂಡಸರು ಬೆಟ್ಟದ ಕಡೆ ನೋಡಿದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಟ್ಟುಬಿಡುತ್ತಿದ್ದರು. ಡೆನ್ವರನ ಕಿವಿ ಕೆಂಪಾಯಿತು, ದವಡೆ ಮುಂದೆ ಬಂತು.

"ಹೆಂಗಸರಾದ್ರೆ ಹೆಂಗಸರು. ಹೊರಗೆ ಬರಲೇಬೇಕಲ್ಲ. ನಾನಿಲ್ಲೇ ಕೂತಿರ್ತೀನಿ."

ಕೂತ. ಬಿಸಿಲು ಏರಿತು, ಇಳಿಯಿತು. ಒಂದೊಂದು ಕರಿಮುಖದ ಹೆಣ್ಣೂ ತೂತಿನಿಂದ ಹೊರಟು ಹಾರಿದ ಕೂಡಲೇ ಢಂ. ಅರ್ಧಕ್ಕರ್ಧ ತಪ್ಪಿದವು. ಉಪ್ಪಿನ ಡಬ್ಬಿಯೂ ತಳ ಕಂಡಿತು. ಮುಖವೆಲ್ಲ ಮಸಿ, ಮಂಡಿ ಮರಗಟ್ಟಿತ್ತು, ಕಿವಿ ಗುಂಯ್ ಅನ್ನುತ್ತಿತ್ತು. ಆದರೂ ಸೂರ್ಯ ಬೆಟ್ಟದ ಹಿಂದೆ ಸರಿಯುವ ಹೊತ್ತಿಗೆ ಕೊನೆಯದೂ ಕೆಳಗುರುಳಿತು. ಡೆನ್ವರ್ ಕೈ ಎತ್ತಿದ. ಎಲ್ಲರೂ ಸುಮ್ಮನಾದರು. ಸೂರು ಸುಮ್ಮನಿತ್ತು. ಕರ್ ಇಲ್ಲ, ಗುಂಯ್ ಇಲ್ಲ. ಗಣಿ ಬಿಟ್ಟ ದಿನವೂ ಅವನಿಗೆ ಇಷ್ಟು ಹಗುರ ಅನಿಸಿರಲಿಲ್ಲ. ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡು, "ಮೆಣಸು ಇನ್ನೂ ಗಾಳೀಲಿದೆ," ಎಂದ.

ಅರ್ಲೀನಳ ಮನಸ್ಸೂ ಕರಗಿತು. ದೊಡ್ಡ ಪಾತ್ರೆಯ ಹುರುಳಿಕಾಯಿ ಬೀಜದ ಸಾರನ್ನು ಜಗಲಿಗೇ ತಂದಳು. "ಬ್ರೆಡ್ ಇಲ್ಲ. ಬೇಕಾದೋರು ತೊಲೆ ನೆಕ್ಕಿಕೊಳ್ಳಿ. ಹಿಟ್ಟೆಲ್ಲ ಅಲ್ಲೇ ಇದೆ," ಎಂದಳು. ಎಲ್ಲರೂ ತಟ್ಟೆ ಹಿಡಿದು ಕೂತರು. ಟ್ರೇಸಿ ಡ್ಯೂಟಿ ಮುಗಿಯಿತೆಂದು ಮೆಟ್ಟಿಲ ಮೇಲೆ ಕಾಲು ಚಾಚಿದ. ಡೆನ್ವರ್ ತೂಗುಕುರ್ಚಿಯಲ್ಲಿ ಒರಗಿ ಮೊದಲ ಚಮಚ ಬಾಯಿಗಿಟ್ಟ.

ಟಕ್. ಟಕ್‌ಟಕ್. ಟರ್‌ರ್‌ರ್ ಟಕ್‌ಟಕ್‌ಟಕ್!

ಕಾಗೆ ಗಾತ್ರದ ಮರಕುಟಿಗವೊಂದು, ಕೆಂಪು ಜುಟ್ಟಿನದು, ತೊಲೆಗೆ ಅಂಟಿಕೊಂಡು ಕೊಕ್ಕಿನಿಂದ ಮರವನ್ನು ಸಿಗಿಯುತ್ತಿತ್ತು. ಗೇಣುದ್ದದ ಚಕ್ಕೆಯೊಂದು ಹಾರಿ ಡೆನ್ವರನ ಸಾರಿನಲ್ಲಿ ಬಿತ್ತು. ಹಕ್ಕಿ ಸೀಳಿನೊಳಗೆ ಕೊಕ್ಕು ತೂರಿಸಿ ಬೆಳ್ಳಗಿನ ಕೊಬ್ಬಿದ ಹುಳುವೊಂದನ್ನು ಎಳೆದು ನುಂಗಿತು.

"ಓ, ಮರಿಗಳು!" ಎಂದಳು ಮಿಸ್ ಯೂಲಾ. "ಒಳಗೆಲ್ಲ ಮೊಟ್ಟೆಯಿಟ್ಟು ತುಂಬಿಸಿದಾವೆ ಕಣೋ. ಈ ಹಕ್ಕಿಗಳಿಗೆ ಹುಳ ಎಲ್ಲಿದೆ ಅಂತ ಒಂದ್ಸಲ ಗೊತ್ತಾದ್ರೆ ಮುಗೀತು, ಕೊನೇ ಹುಳ ಸಿಗೋವರೆಗೂ ಬಿಡಲ್ಲ."

ಡೆನ್ವರ್ ಜಿಗಿದೆದ್ದು ರಿವಾಲ್ವರಿಗೆ ಕೈ ಹಾಕಿದ. ಅದಕ್ಕಿಂತ ಮುಂಚೆ ಟ್ರೇಸಿಯ ಕೈ ಅದರ ಮೇಲಿತ್ತು.

"ಬೇಡ ಮಾಮ."

"ಉಪ್ಪು ಕಣೋ! ನೀನೇ ಹೇಳಿದ ಉಪ್ಪು!"

"ದುಂಬಿಗೆ ಕಾನೂನಿಲ್ಲ. ಈ ಹಕ್ಕಿಗಿದೆ. ನಮ್ಮ ಷೆರೀಫರದ್ದಲ್ಲ, ವಾಷಿಂಗ್ಟನ್ನಿಂದು. ಅದರ ಒಂದು ಪುಕ್ಕ ಉದುರಿದ್ರೂ ನಿಮ್ಮನ್ನ ನಾನೇ ಕರ್ಕೊಂಡು ಹೋಗಬೇಕಾಗುತ್ತೆ."

"ಅದು ನನ್ನ ಮನೆ ಕಿತ್ತಾಕ್ತಿದೆ!"

"ಕಾಣ್ತಿದೆ ಮಾಮ." ಟ್ರೇಸಿ ನಿಟ್ಟುಸಿರಿಟ್ಟು ರಿವಾಲ್ವರನ್ನು ತೊಡೆಯ ಮೇಲಿಟ್ಟುಕೊಂಡ. "ನಿಮ್ಮ ಕೋಪ ನಂಗೊತ್ತು. ಅದು ಹಾರಿಹೋಗೋವರೆಗೂ ನಾನು ಇಲ್ಲೇ ಕಾವಲು ಕೂರಬೇಕು. ಅತ್ತೇ, ಸಾರು ಇನ್ನೊಂಚೂರು ಇದೆಯಾ?"

ಹೋಬರ್ಟ್ ತನ್ನ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆಳೆದು, ಹಕ್ಕಿ ಚೆನ್ನಾಗಿ ಕಾಣುವಂತೆ ಹಾಕಿಕೊಂಡ.

ಡೆನ್ವರ್ ಸಾರಿನಲ್ಲಿದ್ದ ಚಕ್ಕೆಯನ್ನು ಎತ್ತಿ ಅಂಗಳಕ್ಕೆ ಎಸೆದ. ಆಮೇಲೆ ಒಳಗೆ ಹೋಗಿ ಕಬ್ಬಿಣದ ಬಾಣಲೆ, ಸೌಟು ಹಿಡಿದು ಬಂದು, ಹಕ್ಕಿಯ ಕೆಳಗೇ ನಿಂತು ಬಡಿಯತೊಡಗಿದ. ಠಣ್! ಠಣ್! ಠಣ್!

"ಇದು ನನ್ನ ಸೂರು!" ಎಂದು ಕೂಗಿದ. "ನಾನೇ ಕಟ್ಟಿದ್ದು! ನಾನು ಓಡಲ್ಲ, ನೀನು ಓಡು!"

ಮರಕುಟಿಗ ಕೊಕ್ಕು ನಿಲ್ಲಿಸಿತು. ಕತ್ತು ಓರೆ ಮಾಡಿ ಆ ಸದ್ದನ್ನು ಗಮನವಿಟ್ಟು ಕೇಳಿತು. ಠಣ್ ಠಣ್ ಠಣ್. ಆ ಸದ್ದು ಅದಕ್ಕೆ ಬಹಳ ಹಿಡಿಸಿತೆಂದು ತೋರುತ್ತದೆ. ಅದೇ ತಾಳಕ್ಕೆ ತಾನೂ ಟಕ್ ಟಕ್ ಟಕ್ ಎಂದು ಸೇರಿಕೊಂಡಿತು. ಆಗ ಎದುರು ಬೆಟ್ಟದ ಕಾಡಿನಿಂದ, ಹಾಗೆಯೇ ಟಕ್ ಟಕ್ ಟಕ್ ಎಂದು ಉತ್ತರ ಬಂತು. ಆಮೇಲೆ ಹಳ್ಳದ ಕಡೆಯಿಂದ ಇನ್ನೊಂದು.

ಡೆನ್ವರ್ ಬಾಣಲೆ ಬಡಿಯುವುದನ್ನು ನಿಲ್ಲಿಸಲಿಲ್ಲ.