ನಾಮಿನಿ ಕಾಲಂನಲ್ಲಿ ಕುಳಿತವರ ಕುರಿತು ಒಂದು ಅಹವಾಲು

ಮರೆವೆಂಬುದನ್ನೇ ಅರಿಯದ, ಊಟ-ನಿದ್ರೆಗಳ ಹಂಗಿಲ್ಲದ, ಭವಿಷ್ಯನಿಧಿಯ ಗಣಕಯಂತ್ರದವರ ಸನ್ನಿಧಾನಕ್ಕೆ, ಕೊಟ್ಟೂರಿನ ಎಣ್ಣೆ ಗಿರಣಿಯೊಂದರ ಗುಮಾಸ್ತ ಕೊಟ್ರಸ್ವಾಮಿ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಹತ್ತೊಂಬತ್ತು ವರ್ಷಗಳಿಂದ ಗಿರಣಿಯ ಅರುವತ್ತು ಜನರ ಫಾರಂ ತುಂಬುತ್ತ ಬಂದಿರುವ ನಾನು, ‘ಸದಸ್ಯ ತೀರಿಕೊಂಡರೆ ಹಣ ಯಾರಿಗೆ’ ಎಂಬ ಕಾಲಂ ಕುರಿತು ಭಾಷಣ ಮಾಡುವುದರಲ್ಲಿ ಕೂಡ್ಲಿಗಿಯಿಂದ ಹಡಗಲಿಯವರೆಗೆ ನನಗೆ ಸರಿಸಮಾನರಿಲ್ಲ ಎಂದು ನಂಬಿದ್ದೆ. ಹಾಗೆ ನಂಬಿದವನು ನಾನೊಬ್ಬನೇ ಎಂಬುದು ಈಚೆಗೆ ತಿಳಿಯಿತು.

ಕಳೆದ ಶ್ರಾವಣದಲ್ಲಿ ನಮ್ಮ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಕಾನಹೊಸಹಳ್ಳಿಯ ಅಂಜಿನೇಯಲು, ಮಧ್ಯಾಹ್ನದ ಬುತ್ತಿ ಬಿಚ್ಚುವಾಗ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ತಿಂಗಳ ಬಳಿಕ ಅವನ ಹೆಂಡತಿ ಗೀತಮ್ಮ, ಅತ್ತೆ ಗಾದೆಮ್ಮನನ್ನು ಕರೆದುಕೊಂಡು ನನ್ನ ಮೇಜಿನ ಮುಂದೆ ಬಂದು ಕುಳಿತಳು. ತಮ್ಮ ಪರದೆಯ ಮೇಲೆ ನಾಮಿನಿಯ ಜಾಗದಲ್ಲಿ ಗಾದೆಮ್ಮನ ಹೆಸರಿತ್ತು. ಅವನ ಮದುವೆಗೆ ಮೊದಲು ಬರೆದದ್ದು, ಬರೆದವನು ನಾನೇ. ಮದುವೆಯಾದೊಡನೆ ಅಂಥ ಹೆಸರು ರದ್ದಾಗುತ್ತದೆ, ಇನ್ನು ಹೆಂಡತಿ-ಮಕ್ಕಳೆಲ್ಲರ ದಾಖಲೆ ತರಬೇಕು ಎಂದು ತಿಳಿಸಿ, ಸಾಲದ್ದಕ್ಕೆ, ಬದುಕಿದ್ದಾಗ ಒಂದು ಫಾರಂ ಬದಲಿಸದ ಮೃತನ ಉದಾಸೀನದ ಬಗ್ಗೆ ಆ ಇಬ್ಬರಿಗೆ ಕಾಲು ಗಂಟೆ ಉಪದೇಶಿಸಿದೆ.

ಮುದುಕಿ ಪೂರ್ತಿ ಕೇಳಿ, “ನನ್ನ ಹೆಸರು ತೆಗೀರಿ, ಆಕಿಗೇ ಹೋಗ್ಲಿ. ಆದ್ರ ನನ್ನ ಮಗ ನನ್ನ ಹೆಸರು ಬರ್ದ ಕಾಗದ ಐತಲ್ರಿ, ಅದು ನನಗ ಕೊಡ್ರಿ” ಅಂದಳು. ಅಕ್ಷರಗಳೆಲ್ಲ ನನ್ನವು, ಕೆಳಗಿನ ರುಜು ಮಾತ್ರ ಅವನದು. ಆದರೂ ಜೆರಾಕ್ಸ್ ಇಟ್ಟುಕೊಂಡು ಮೂಲಪ್ರತಿಯನ್ನೇ ಕೊಟ್ಟೆ. ಇದು ನಿಯಮಬಾಹಿರವಾದ್ದರಿಂದ ತಾವು ದಯವಿಟ್ಟು ಓದಲಿಲ್ಲವೆಂದು ತಿಳಿಯತಕ್ಕದ್ದು.

ಆಗ ಗೀತಮ್ಮ, ಯಾವ ಕುಹಕವೂ ಇಲ್ಲದೆ, “ನಿಮ್ಮದು ಯಾರ ಹೆಸರಿಗೆ ಐತ್ರಿ, ಅಣ್ಣಾರ?” ಎಂದು ಕೇಳಿದಳು. ಮಾದರಿ ಫಾರಂ ಹೇಗಿರುತ್ತದೆಂದು ತೋರಿಸುವ ಉತ್ಸಾಹದಲ್ಲಿ ನಾನು ನನ್ನ ಖಾತೆ ತೆರೆದು ಪರದೆಯನ್ನು ಅವರತ್ತ ತಿರುಗಿಸಿದೆ. ತಾವು ನಿಷ್ಪಕ್ಷಪಾತವಾಗಿ ತೋರಿಸಿದಿರಿ: ಗಂಗಾಂಬಿಕಾ, ಸಂಬಂಧ ಹೆಂಡತಿ.

ನನ್ನ ಹೆಂಡತಿಯ ಹೆಸರು ಮಂಜಮ್ಮ. ಗಂಗಾಂಬಿಕಾ ಎಂಬಾಕೆ ನಾನು ಕೆಲಸಕ್ಕೆ ಸೇರಿದ ವರ್ಷ ಹರಪನಹಳ್ಳಿಯಲ್ಲಿ ನೋಡಿ ಬಂದ ಹೆಣ್ಣು. ಅವಲಕ್ಕಿ ಕೊಡುವಾಗ ಆಕೆ ನಕ್ಕಳೆಂಬ ಒಂದೇ ಆಧಾರದ ಮೇಲೆ ಮರುದಿನವೇ ಕಾಲಂ ತುಂಬಿದೆ. ವಾರದಲ್ಲಿ ಹೆಣ್ಣಿನ ಕಡೆಯವರು ಬೇಡವೆಂದು ಹೇಳಿ ಕಳಿಸಿದರು. ಅವರು ಮರೆತರು, ನಾನು ಮರೆತೆ, ತಾವು ಮರೆಯಲಿಲ್ಲ.

ಗೀತಮ್ಮ ನಗಲಿಲ್ಲ. “ಇವತ್ತೇ ಬದಲು ಮಾಡ್ರಿ. ನಮ್ಮನಿಯವ್ರೂ ನಾಳಿ ನಾಳಿ ಅಂತಿದ್ರು” ಅಂದಳು. ನನ್ನ ಹತ್ತೊಂಬತ್ತು ವರ್ಷದ ಭಾಷಣಗಳಿಗಿಂತ ಅದು ಚೆನ್ನಾಗಿತ್ತು.

ಸಂಜೆ ಮನೆಯಲ್ಲಿ ನಾನೇ ಒಪ್ಪಿಕೊಂಡೆ. ಮಂಜಮ್ಮ ಜೋಳ ಹಸನು ಮಾಡುವುದನ್ನು ನಿಲ್ಲಿಸದೆ, “ಅಕಸ್ಮಾತ್ ನೀವು ಹೋದ್ರ, ಹರಪನಹಳ್ಳಿಗೆ ಸುದ್ದಿ ಮುಟ್ಟಿಸಾಕಿ ನಾನಾ ಏನ್ರಿ?” ಎಂದು ಕೇಳಿದಳು.

ಗೀತಮ್ಮನ ಅರ್ಜಿಯನ್ನು ತಾವು ನಾಲ್ಕು ಸಲ ಹಿಂದಿರುಗಿಸಿದಿರಿ; ನಾಲ್ಕೂ ಸಲ ತಪ್ಪು ನನ್ನ ಕಾಗುಣಿತದ್ದೇ. ಐದನೆಯದು ಒಪ್ಪಿಗೆಯಾಗಿ, ಈಗ ಆಕೆಗೂ ಇಬ್ಬರು ಮಕ್ಕಳಿಗೂ ತಿಂಗಳ ಪಿಂಚಣಿ ಬರುತ್ತಿದೆ. ನನ್ನ ಕಾಲಂನಲ್ಲೂ ಮಂಜಮ್ಮನ ಹೆಸರು ಹಾಕಿ ಕಳಿಸಿದ್ದೇನೆ. ತಮ್ಮ ಒಪ್ಪಿಗೆ ಬರುವವರೆಗೆ ನನ್ನ ಮರಣವನ್ನು ‘ಪರಿಶೀಲನೆಯಲ್ಲಿದೆ’ ಎಂದು ತಡೆಹಿಡಿಯಬೇಕಾಗಿ ಪ್ರಾರ್ಥನೆ.

ಸದ್ಯಕ್ಕೆ ಜೀವಂತವಿರುವ ತಮ್ಮ ವಿಶ್ವಾಸಿ,
ಕೊಟ್ರಸ್ವಾಮಿ

ಮರೆತ ಮಾತು: ಮಂಜಮ್ಮ ಕೆಲಸ ಮಾಡುವ ಗಾರ್ಮೆಂಟ್ಸ್‌ನಲ್ಲಿ ಅವಳದೂ ಒಂದು ಖಾತೆ ಇದೆ. ನಿನ್ನೆ ತೆರೆದು ನೋಡಿದೆ. ಸೇರಿದ ಮೊದಲ ವಾರದಲ್ಲೇ ತಾನೇ ತುಂಬಿದ್ದಾಳೆ: ಮಗಳು ಭೂಮಿಕಾ, ಪಾಲು ನೂರಕ್ಕೆ ನೂರು. ಹತ್ತೊಂಬತ್ತು ವರ್ಷದ ಅನುಭವದಿಂದ ಎಷ್ಟು ಹುಡುಕಿದರೂ ಒಂದು ದೋಷ ಸಿಗಲಿಲ್ಲ. ತಾವಾದರೂ ಏನಾದರೂ ಒಂದನ್ನು ಹುಡುಕಿ ಕೊಡಬೇಕು.