ಬಾಯಿಬಿಡದ ಸೂಟ್‌ಕೇಸಿಗೆ, ಸ್ವೆಟರಿನೊಳಗಿಂದ

ಸನ್ಮಾನ್ಯ ಕಂದು ಸೂಟ್‌ಕೇಸ್ ಮಹಾಶಯರ ದಿವ್ಯ ಸನ್ನಿಧಿಗೆ, ಕಡಲತೀರದ ಲಾಡ್ಜಿನ ಇದೇ ಕೋಣೆಯಲ್ಲಿ ತಮ್ಮೆದುರೇ ಕುಳಿತು ಬೆವರುತ್ತಿರುವ ಬಡಪಾಯಿಯ ಅನಂತ ವಂದನೆಗಳು.

ಮಾನ್ಯರೇ,

ಬೆಟ್ಟದ ಚಳಿಯೂರಿನಲ್ಲಿ ಸ್ವೆಟರ್ ಹೆಣೆದು ಮಾರುವ ನಾನು ಇಲ್ಲಿಗೆ ಬರುವವರೆಗೆ ಸಮುದ್ರ ಕಂಡವಳಲ್ಲ. ಅದರಲ್ಲಿ ಕಾಲಿಡುವ ದಿನಕ್ಕೆಂದೇ ತೆಳು ಹತ್ತಿಯ ನೀಲಿ ಅಂಗಿಯೊಂದನ್ನು ಹೊಲಿದು, ಇಸ್ತ್ರಿ ಮಾಡಿ, ತಮ್ಮ ಉದರದಲ್ಲಿ ಎಲ್ಲಕ್ಕಿಂತ ಮೇಲೆ ಮಲಗಿಸಿದ್ದೆನೆಂಬುದು ತಮಗೆ ತಿಳಿಯದ ಸಂಗತಿಯೇನಲ್ಲ. ಸೆಕೆಯ ಊರಿಗೆ ಸ್ವೆಟರ್ ಯಾಕೆಂದು ನನ್ನವರು ಕೇಳಿದ್ದಕ್ಕೆ ಅತ್ತೆಯವರು, "ಗಾಳಿ ಎಲ್ಲಿದ್ರೂ ಗಾಳಿನೇ ಕಣಪ್ಪ, ಸಮುದ್ರಕ್ಕೇನು ಬಾಗಿಲಿದ್ಯಾ ಮುಚ್ಚೋಕೆ?" ಎಂದು, ಮನೆಯ ಉಣ್ಣೆಯನ್ನೆಲ್ಲ ತಂದು ತಮ್ಮ ಮೇಲೆ ಪೇರಿಸಿದರು.

ತಾವು ಮುಚ್ಚಲು ಒಪ್ಪಲಿಲ್ಲ. ನಾನು ತಮ್ಮ ಮೇಲೆ ಕುಳಿತೆ, ನನ್ನವರು ಮಂಡಿಯೂರಿ ಜಿಪ್ಪು ಎಳೆದು ಸುಸ್ತಾದರು. ಕೊನೆಗೆ ಅತ್ತೆಯವರು, "ಹೋಗಿ ತಿಂಡಿ ತಿನ್ನಿ, ನಾನು ನೋಡ್ಕೋತೀನಿ" ಎಂದು ನಮ್ಮಿಬ್ಬರನ್ನೂ ಹೊರಗಟ್ಟಿ, ಬಾಗಿಲು ಹಾಕಿಕೊಂಡು, ಒಬ್ಬರೇ ತಮ್ಮ ಬಾಯಿ ಮುಚ್ಚಿಸಿದರು. ನನ್ನ ಬಾಯಿ ಮುಚ್ಚಿಸಿ ಪಳಗಿದ ಕೈ ಅದು, ಹಾಗಾಗಿ ನಾನು ಆಶ್ಚರ್ಯಪಡಲಿಲ್ಲ. ಹಿಡಿಸದೆ ಉಳಿದ ಸ್ವೆಟರುಗಳನ್ನು ಮೈಮೇಲೇ ಏರಿಸಿಕೊಂಡು ಮೂವರೂ ರೈಲು ಹತ್ತಿದೆವು.

ಇಲ್ಲಿಗೆ ಬಂದಮೇಲೆ ತಾವು ತೋರುತ್ತಿರುವ ನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಸೋಪು ಸವರಿದ್ದಾಯಿತು, ಮೇಣ ತಿಕ್ಕಿದ್ದಾಯಿತು, ನನ್ನವರು ಹಲ್ಲಿನಿಂದ ಎಳೆದು ಒಂದು ಹಲ್ಲಿನ ಸಿಮೆಂಟು ಕಳೆದುಕೊಂಡದ್ದೂ ಆಯಿತು, ತಾವು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಇಷ್ಟು ಬಿಗಿಯಾಗಿ ಬಾಯಿ ಮುಚ್ಚಿಕೊಂಡಿರುವವರು ನಮ್ಮ ಬಂಧುಬಳಗದಲ್ಲಿ ಒಬ್ಬರಿದ್ದಿದ್ದರೂ ಎಷ್ಟೋ ಮದುವೆಗಳು ಮುರಿಯುತ್ತಿರಲಿಲ್ಲ. ಹೊಸ ಬಟ್ಟೆ ಕೊಳ್ಳೋಣವೆಂದರೆ ಅತ್ತೆಯವರು, "ಪೆಟ್ಟಿಗೆ ತುಂಬ ಬಟ್ಟೆ ಇಟ್ಕೊಂಡು ಅಂಗಡಿಗೆ ಹೋಗ್ತಾರಾ ಯಾರಾದ್ರೂ?" ಎಂದು ನ್ಯಾಯ ಕೇಳುತ್ತಾರೆ. ನಿನ್ನೆ ಸಂಜೆ ದಡದಲ್ಲಿ, ಗಾಳಿಗೆ ಸ್ವೆಟರ್ ಬಿಚ್ಚಬಾರದೆಂಬ ಅತ್ತೆಯವರ ಅಪ್ಪಣೆಯಂತೆ ಉಣ್ಣೆ ಹೊದ್ದೇ ನಿಂತ ಮೂವರನ್ನು ಕಂಡ ಜನ ಸೂರ್ಯಾಸ್ತಕ್ಕೆ ಬೆನ್ನು ತಿರುಗಿಸಿ ನಮ್ಮನ್ನೇ ನೋಡಿದರು. ಐಸ್‌ಕ್ರೀಮಿನವನಂತೂ ವ್ಯಾಪಾರ ಬಿಟ್ಟು ಬಂದು ನಮ್ಮ ಆರೋಗ್ಯ ವಿಚಾರಿಸಿದ. ನೀಲಿ ಅಂಗಿಯಿಲ್ಲದೆ ನೀರಿಗಿಳಿಯಲು ಮನಸ್ಸೊಪ್ಪದೆ ನಾನು ಒಣ ಕಾಲಿನಲ್ಲೇ ವಾಪಸಾದೆ, ದಾರಿಯುದ್ದಕ್ಕೂ ಅಳು ಬಂತು.

ನಾಳೆ ಬೆಳಿಗ್ಗೆ ನಮ್ಮ ರೈಲು. ಆದಕಾರಣ ತಾವು ದಯಮಾಡಿ ಇಂದೇ ಬಾಯ್ತೆರೆಯಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ ನೀಲಿ ಅಂಗಿಯ ಒಂದು ತೋಳು ಹೊರಬರುವಷ್ಟಾದರೂ ಸಡಿಲವಾಗಬೇಕು. ಅದೂ ಆಗದಿದ್ದರೆ ತಮ್ಮ ಪ್ರಭಾವ ಬಳಸಿ ಸೂರ್ಯನನ್ನು ಎರಡು ದಿನದ ರಜೆಯ ಮೇಲೆ ಕಳುಹಿಸಿ, ಸಮುದ್ರವನ್ನು ನಮ್ಮ ಬೆಟ್ಟದ ಬುಡಕ್ಕೆ ವರ್ಗಾಯಿಸಬೇಕೆಂದು ಕೈಮುಗಿದು ಬೇಡುತ್ತೇನೆ.

ಎರಡು ಸ್ವೆಟರುಗಳ ಕೆಳಗಿನಿಂದ,
ತಮ್ಮ ವಿಶ್ವಾಸಿ,
ಹೆಣಿಗೆಯವಳು

ತಾ.ಕ.: ಸಹಿ ಹಾಕುವಷ್ಟರಲ್ಲಿ ತಾವು ತಾವಾಗಿಯೇ ಟಪ್ಪನೆ ಬಾಯಿಬಿಟ್ಟಿರಿ. ಒಳಗೆ ಎಲ್ಲಕ್ಕಿಂತ ಮೇಲೆ ಇದ್ದದ್ದು ಅತ್ತೆಯವರ ಬಿಸಿನೀರಿನ ಚೀಲ, ಅದರ ಕೆಳಗೆ ಕಂಬಳಿ. ಹತ್ತಿಯ ಒಂದು ಎಳೆಯೂ ಇಲ್ಲ. "ತೆಳು ಬಟ್ಟೆ ಹಾಕ್ಕೊಂಡ್ರೆ ನೆಗಡಿ ಆಗುತ್ತೆ ಅಂತ ಎಲ್ಲಾ ತೆಗೆದು ಮನೆ ಬೀರುನಲ್ಲೇ ಇಟ್ಟೆ, ಜಾಗನೂ ಆಯ್ತು" ಎಂದರು ಅತ್ತೆಯವರು. ತಾವು ನಿರಪರಾಧಿಗಳು, ಮೇಲಿನ ಬೈಗುಳಗಳಿಗೆ ಕ್ಷಮೆಯಿರಲಿ. ವಿಳಾಸ ತಿದ್ದಿ ಈ ಪತ್ರವನ್ನು ಅವರಿಗೇ ಕೊಡಬಹುದಿತ್ತು, ಆದರೆ ಒಂದೇ ಮನೆಯಲ್ಲಿ ಬಾಳಬೇಕಲ್ಲ. ಇಗೋ, ನಾನು ಸ್ವೆಟರಿನಲ್ಲೇ ಸಮುದ್ರಕ್ಕೆ ಹೊರಟೆ. ನಾನು ನೆನೆಯದಂತೆ ನೋಡಿಕೊಳ್ಳಲು ಅತ್ತೆಯವರೂ ಜೊತೆಗೆ ಬರುತ್ತಿದ್ದಾರೆ. ಇಬ್ಬರಲ್ಲಿ ಮೊದಲು ನೆನೆಯುವವರು ಯಾರೆಂದು ಅವರಿಗಿನ್ನೂ ತಿಳಿಸಿಲ್ಲ.